ಆಶ್ರಯ ಕೊಟ್ಟೆವು ಸರಿ, ಲೆಕ್ಕ ಕೇಳಿದೆವೇ?



ಹಬ್ಬದ ಬಟ್ಟೆಗೆ ನಾವೆಲ್ಲ ಓಡುವ ಗಾಂಧಿನಗರದ ಪೇಟೆ ಒಂದು ಕಾಲಕ್ಕೆ ಪೋಲೆಂಡಿನ ನಿರಾಶ್ರಿತರ ಊರಾಗಿತ್ತು. ವಳಿವಡೆ ಶಿಬಿರವೆಂದು ಅದರ ಹೆಸರು. 1943ರಿಂದ 1948ರ ತನಕ ಅಲ್ಲಿ ಸುಮಾರು 5,000 ಜನ ಬಾಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರದೇ ಶಾಲೆಗಳಿದ್ದವು, ಚರ್ಚು ಇತ್ತು. ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಅವರ ಸ್ಮಾರಕ ಇಂದಿಗೂ ಇದೆ. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಿ ವಾರ್ಸಾಕ್ಕೆ ಹೋದಾಗ ಅಲ್ಲಿನ ಕೊಲ್ಲಾಪುರ ಸ್ಮಾರಕಕ್ಕೆ ಹೂವಿಟ್ಟರು.

ಈ ಕಥೆ ಹೇಳುವಾಗ ನಮಗೆ ಹೆಮ್ಮೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಆ ಮನೆಗಳ ಗಂಡಸರು ಎಲ್ಲಿದ್ದರು?

ಹಲವರು ಪೋಲಿಷ್ ಸೈನ್ಯ ಸೇರಿ ಯುದ್ಧಕ್ಕೆ ಹೋಗಿದ್ದರು. ಹಲವರು ಚಳಿಗೆ, ಹಸಿವಿಗೆ ಸತ್ತಿದ್ದರು. ಇನ್ನುಳಿದವರ ಕಥೆ ಬೇರೆ. 1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೈನ್ಯ ಪೂರ್ವ ಪೋಲೆಂಡಿಗೆ ನುಗ್ಗಿ ಆಕ್ರಮಿಸಿಕೊಂಡಿತು. 1940ರ ಮಾರ್ಚ್ 5ರಂದು ಸ್ಟಾಲಿನ್ ಒಂದು ಆದೇಶಕ್ಕೆ ಸಹಿ ಹಾಕಿದ. ಅದರಂತೆ ರಹಸ್ಯ ಪೊಲೀಸ್ ಪಡೆ ಎನ್‌ಕೆವಿಡಿ ಸುಮಾರು 22,000 ಪೋಲಿಷ್ ಬಂದಿಗಳನ್ನು ಕತೀನ್ ಕಾಡಿನಲ್ಲಿ, ಖಾರ್ಕಿವ್‌ನಲ್ಲಿ, ಕಲಿನಿನ್‌ನಲ್ಲಿ ಮತ್ತು ಬೇರೆಡೆ ಗುಂಡಿಟ್ಟು ಕೊಂದಿತು. ಸತ್ತವರಲ್ಲಿ ಸೇನಾಧಿಕಾರಿಗಳಿದ್ದರು, ಪೊಲೀಸರಿದ್ದರು, ವೈದ್ಯರು, ಶಿಕ್ಷಕರು, ಸೈನ್ಯದ ಜೊತೆಗಿದ್ದ ಗುರುಗಳೂ ಇದ್ದರು. ಅದೇ ಏಪ್ರಿಲ್‌ನಲ್ಲಿ ಅವರ ಹೆಂಡತಿ ಮಕ್ಕಳನ್ನು ರೈಲಿಗೆ ತುಂಬಿ ಕಜಾಕಿಸ್ತಾನಕ್ಕೆ ಸಾಗಿಸಿದರು. ವಳಿವಡೆಗೆ ಬಂದವರು ಇಂಥ ಗಡೀಪಾರುಗಳಿಂದ ಬದುಕುಳಿದು, ಇರಾನ್ ದಾಟಿ ಬಂದವರು.

ಕೊಂದವರಿಗೆ ಏನಾಯಿತು? ಅದೇ ವರ್ಷದ ಅಕ್ಟೋಬರ್‌ನಲ್ಲಿ ಎನ್‌ಕೆವಿಡಿಯ 125 ಮಂದಿಗೆ ಬಹುಮಾನ ಸಿಕ್ಕಿತು! ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸೋವಿಯತ್ ವಕೀಲರು ಇದೇ ಹತ್ಯೆಯನ್ನು ಜರ್ಮನರ ತಲೆಗೆ ಕಟ್ಟಲು ನೋಡಿದರು. 1946ರ ತೀರ್ಪು ಕತೀನ್ ಬಗ್ಗೆ ತುಟಿ ಬಿಚ್ಚಲಿಲ್ಲ. ಮಿತ್ರದೇಶದ ಮನಸ್ಸು ನೋಯಬಾರದೆಂದು ಬ್ರಿಟನ್, ಅಮೆರಿಕಗಳೂ ಸುಮ್ಮನಾದವು. ಸೋವಿಯತ್ ಸರ್ಕಾರ ತಪ್ಪೊಪ್ಪಿಕೊಂಡದ್ದು 1990ರಲ್ಲಿ. ರಷ್ಯಾ ತನಿಖೆ ನಡೆಸಿ 2004ರಲ್ಲಿ ಕಡತ ಮುಚ್ಚಿತು, ಮುಚ್ಚಿದ ಆದೇಶವನ್ನೂ ಗುಟ್ಟಾಗಿಟ್ಟಿತು. ಈ ಹತ್ಯೆಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಇದನ್ನು ಹೇಳಿದಾಗ ನಮ್ಮ ಸಭೆಗಳಲ್ಲಿ ಮೂರು ಮಾತು ಕೇಳಿಬರುತ್ತವೆ.

ಮೊದಲನೆಯದು, "ಕ್ರೈಸ್ತರು ಕ್ಷಮಿಸಬೇಕಲ್ಲವೇ?" ಹೌದು, ಕ್ಷಮಿಸಬೇಕು. ಆದರೆ ಕ್ಷಮಿಸುವ ಹಕ್ಕು ಯಾರದು? ಗಂಡನ ಸಮಾಧಿ ಎಲ್ಲಿದೆ ಎಂಬುದೇ ತಿಳಿಯದ ವಿಧವೆಯ ಪರವಾಗಿ ಬೇರೆ ಯಾರೋ ಕ್ಷಮಿಸಿಬಿಡಲು ಬರುವುದಿಲ್ಲ. ಪಾಪನಿವೇದನೆಗೆ ಹೋಗುವ ನಮಗೆ ಗೊತ್ತಲ್ಲ, ಪಶ್ಚಾತ್ತಾಪ ಬೇಕು, ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಪ್ರಾಯಶ್ಚಿತ್ತವೂ ಬೇಕು. ಜಕ್ಕಾಯ ಕೂಡ ನಾಲ್ಕು ಪಟ್ಟು ಹಿಂದಿರುಗಿಸಲು ಎದ್ದು ನಿಂತ. ನಮಗೆಲ್ಲ ಇರುವ ನಿಯಮದಿಂದ ಬಂದೂಕು ಹಿಡಿದವನಿಗೆ ಮಾತ್ರ ವಿನಾಯಿತಿಯೇ?

ಎರಡನೆಯದು, "ಸೈನಿಕ ಪಾಪ, ಮೇಲಿನವರ ಆಜ್ಞೆ ಪಾಲಿಸಿದ." ಗಡಹಿಂಗ್ಲಜ ಕಡೆಯ ಎಷ್ಟೋ ಮನೆಗಳಿಂದ ಹುಡುಗರು ಸೈನ್ಯ ಸೇರುತ್ತಾರೆ. ಅವರ ಮೇಲಿನ ಗೌರವದಿಂದಲೇ ನಾವು ಈ ಮಾತನ್ನು ಒಪ್ಪುವುದಿಲ್ಲ. ಕೈಕಟ್ಟಿದ ಬಂದಿಗೆ ಗುಂಡು ಹೊಡೆದವನನ್ನೂ ಗಡಿಯಲ್ಲಿ ಪ್ರಾಮಾಣಿಕವಾಗಿ ಕಾವಲು ನಿಂತವನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅವಮಾನ ಯಾರಿಗೆ? ಆಜ್ಞೆಯ ನೆಪ ಮಾತ್ರ ಅಪರಾಧಿಯನ್ನು ಉಳಿಸದು ಎಂದು ನ್ಯೂರೆಂಬರ್ಗ್ ಆಗಲೇ ಹೇಳಿದೆ. ಈ ನಿಯಮ ಶತ್ರುವಿಗೆ ಮಾತ್ರವಲ್ಲ, ನಮ್ಮ ಸಮವಸ್ತ್ರಕ್ಕೂ ಅನ್ವಯಿಸಬೇಕು.

ಮೂರನೆಯದು, "ಹಳೆಯದನ್ನು ಯಾಕೆ ಕೆದಕುತ್ತೀರಿ?" ಹಳೆಯದು ಮತ್ತೆ ನಡೆಯುತ್ತಿದೆಯಲ್ಲ! 2022ರಲ್ಲಿ ಉಕ್ರೇನಿನ ಬೂಚಾದಿಂದ ರಷ್ಯದ ಸೈನ್ಯ ಹಿಂದೆ ಸರಿದಾಗ ಅಲ್ಲಿ 400ಕ್ಕೂ ಹೆಚ್ಚು ಶವಗಳು ಸಿಕ್ಕವು. ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪದ ಮೇಲೆ 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಬಂಧನಕ್ಕೆ ವಾರಂಟ್ ಹೊರಡಿಸಿತು. ಮತ್ತೆ ಮಕ್ಕಳು, ಮತ್ತೆ ಗಡೀಪಾರು. ಅಂದು ಲೆಕ್ಕ ಕೇಳದೆ ಬಿಟ್ಟದ್ದು ಇಂದಿನವರಿಗೆ ಧೈರ್ಯ ಕೊಟ್ಟಿದೆ ಎಂದೇ ನಾವು ನಂಬುತ್ತೇವೆ.

ನಮ್ಮ ದೇಶದ ಕಥೆ ಏನು? ಆ ನ್ಯಾಯಾಲಯಕ್ಕೆ ಭಾರತ ಸೇರಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಮ್ಮಲ್ಲಿದೆ. ಯಾವ ದೇಶದವನೇ ಆಗಲಿ, ಎಲ್ಲೇ ಆಗಲಿ, ಯುದ್ಧಬಂದಿಯನ್ನೋ ಆಕ್ರಮಿತ ನಾಡಿನ ನಾಗರಿಕನನ್ನೋ ಕೊಂದರೆ ಇಲ್ಲಿ ಶಿಕ್ಷಿಸಲು ಅದು ಅವಕಾಶ ಕೊಡುತ್ತದೆ. ಆದರೆ ಸರ್ಕಾರದ ಕಡೆಯಿಂದ ದೂರು ಬಂದರಷ್ಟೇ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಬಹುದು. ಬೀಗದ ಕೈ ಸರ್ಕಾರದ ಕಿಸೆಯಲ್ಲೇ ಉಳಿಯಿತು. ಸ್ಮಾರಕಕ್ಕೆ ಹೂವಿಟ್ಟ ಕೈ ಆ ಬೀಗವನ್ನೂ ತೆಗೆಯಲಿ ಎಂದು ಕೇಳುವುದು ನಮ್ಮ ಹಕ್ಕು.

ಕೊಲ್ಲಾಪುರದ ಕ್ರೈಸ್ತ ಸ್ಮಶಾನದಲ್ಲಿ ಪೋಲಿಷ್ ಸಮಾಧಿಗಳಿವೆ. ಈ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚಿದ ಮೇಲೆ ಅಲ್ಲಿಗೂ ಹೋಗೋಣ. ಇಚಲಕರಂಜಿಯವರೂ ಗಡಹಿಂಗ್ಲಜದವರೂ ಬನ್ನಿ, ಮಕ್ಕಳನ್ನೂ ಕರೆತನ್ನಿ. ನಾವು ಅನ್ನ ಕೊಟ್ಟ ಕಥೆಯ ಜೊತೆಗೆ, ಅವರ ಅಪ್ಪಂದಿರನ್ನು ಕೊಂದವರು ಯಾರು, ಅವರನ್ನು ಯಾರೂ ಯಾಕೆ ಕೇಳಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳೋಣ.