ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ

ಅಕ್ಟೋಬರ್ 1 ವಿಶ್ವ ಹಿರಿಯ ನಾಗರಿಕರ ದಿನ. ಅಂದು ಹಿರಿಯರಿಗೆ ಶಾಲು ಹೊದಿಸಿ, ಹಣ್ಣು ನೀಡಿ ಗೌರವಿಸುವ ಪದ್ಧತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳ ಹಿರಿಯರಿಗೆ ಇಂದು ತುರ್ತಾಗಿ ಬೇಕಾದ ಸೇವೆ ವೇದಿಕೆಯ ಮೇಲಿನದಲ್ಲ, ಉಪನೋಂದಣಾಧಿಕಾರಿಗಳ ಕಚೇರಿಯ ಬಾಗಿಲಿನದು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಈ ಭಾಗದ ನೆಲದ ಲೆಕ್ಕಾಚಾರವೇ ಬದಲಾಗಿದೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಅದಕ್ಕಾಗಿ ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತಿದ್ದರು. ಊರು ಒಗ್ಗಟ್ಟಾಗಿ ನಿಂತು ಸರ್ಕಾರದಿಂದ ಭೂಮಿಯನ್ನು ಉಳಿಸಿಕೊಳ್ಳಬಲ್ಲದು. ಮನೆಯೊಳಗಿನ ಒತ್ತಡದೆದುರು ಮುಪ್ಪಿನವರು ಒಬ್ಬಂಟಿಗರು. ರಾಗಿ, ದ್ರಾಕ್ಷಿ ಬೆಳೆದ ಎರಡು ಎಕರೆಯ ಪಹಣಿಯಲ್ಲಿ ತಂದೆಯ ಹೆಸರಿರುವುದೇ ಮಕ್ಕಳ ನಡುವಿನ ಮಾತುಕತೆಯ ಕೇಂದ್ರವಾಗುತ್ತದೆ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. "ಹೇಗಿದ್ದರೂ ನಮ್ಮದೇ ತಾನೇ" ಎಂಬ ಮಾತಿಗೆ ಹಿರಿಯರು ಸಹಿ ಹಾಕುತ್ತಾರೆ.

ಸಹಿಯ ನಂತರ ಅನ್ನ ಸಿಗದಿದ್ದರೆ ಏನು? ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಸೆಕ್ಷನ್ ಇದಕ್ಕೆ ಉತ್ತರ ಕೊಡುತ್ತದೆ. ಪೋಷಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಮಾತು ತಪ್ಪಿದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅಸಿಂಧು ಎಂದು ಘೋಷಿಸಬಹುದು. ತೊಡಕಿರುವುದು 'ಷರತ್ತು' ಎಂಬ ಪದದಲ್ಲಿ. 2022ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂಥ ಷರತ್ತು ಇತ್ತೆಂಬುದು ಸಾಬೀತಾಗದೆ ಈ ಸೆಕ್ಷನ್ ಅನ್ವಯಿಸದೆಂದು ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ತಿಳಿಸಿ, ಮಗನಿಗೆ ನೀಡಿದ್ದ ದಾನಪತ್ರವನ್ನು ರದ್ದುಗೊಳಿಸಿತು. ಆ ತಾಯಿಯ ಬಳಿ ಪೋಷಣೆಯ ವಿಷಯ ಬರಹದಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ಅದು ಬಾಯಿಮಾತಿನಲ್ಲೇ ಉಳಿಯುತ್ತದೆ. ಮಗನನ್ನು ನಂಬದೆ ಬರೆಸಿಕೊಂಡರೆ ಜನ ಏನೆಂದಾರು ಎಂಬ ಸಂಕೋಚ. ಈ ಸಂಕೋಚವನ್ನು ಮುರಿಯುವ ಕೆಲಸ ಸಮಾಜದ್ದೇ ಹೊರತು ನ್ಯಾಯಾಲಯದ್ದಲ್ಲ. ಜೀವಿತಾವಧಿಯವರೆಗೆ ಆಸ್ತಿ ತಮ್ಮಲ್ಲೇ ಇರಲೆಂದು ಬಯಸುವವರಿಗೆ ಮರಣಶಾಸನದ ದಾರಿಯಿದೆ ಎಂಬುದನ್ನೂ ಯಾರಾದರೂ ಹೇಳಬೇಕು.

ಇದಕ್ಕೆ ತಕ್ಕ ಸ್ವಯಂಸೇವಕರು ನಮ್ಮ ನಡುವೆಯೇ ಇದ್ದಾರೆ: ನಿವೃತ್ತ ಗ್ರಾಮಲೆಕ್ಕಿಗರು, ಶಿಕ್ಷಕರು, ಬ್ಯಾಂಕ್ ನೌಕರರು. ಅರವತ್ತು ದಾಟಿದ ಇವರನ್ನು ನಾವು ಸನ್ಮಾನದ ಪಟ್ಟಿಗೆ ಸೇರಿಸುತ್ತೇವೆ, ಕೆಲಸದ ಪಟ್ಟಿಗೆ ಸೇರಿಸುವುದಿಲ್ಲ. ಪತ್ರದ ಕರಡನ್ನು ನೋಂದಣಿಗೆ ಮುನ್ನವೇ ಹಿರಿಯರಿಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿ ಹೇಳುವುದು. ಪೋಷಣೆಯ ವಾಕ್ಯ ಇದೆಯೇ ಎಂದು ನೋಡುವುದು. 65 ದಾಟಿದ ಅರ್ಹರಿಗೆ ತಿಂಗಳಿಗೆ ₹1,200ರ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಜೊತೆಯಾಗಿ ಹೋಗುವುದು. ದಾಸೋಹಕ್ಕೆ ಅಕ್ಕಿ ಕೊಡುವಂತೆಯೇ ತಿಂಗಳಿಗೆ ಎರಡು ದಿನ ಕೊಡುವುದು ಇವರಿಗೆ ಹೊರೆಯಾಗಲಾರದು.

ಈಗಾಗಲೇ ಸಹಿ ಹಾಕಿ ನೊಂದವರೂ ಕೈಚೆಲ್ಲಬೇಕಿಲ್ಲ. ಕಾಯ್ದೆಯಡಿಯ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಗಳೇ ಮುಖ್ಯಸ್ಥರು. ನಮ್ಮ ಜಿಲ್ಲೆಯಲ್ಲಿ ಅವರ ಕಚೇರಿ ದೊಡ್ಡಬಳ್ಳಾಪುರದಲ್ಲಿದೆ. ಅಲ್ಲಿ ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೇಳಬಹುದು. ತಾವೇ ಹೋಗಲಾರದವರ ಪರವಾಗಿ ಅವರು ಅಧಿಕಾರ ಕೊಟ್ಟ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಹೋಗುವಾಗ ಪತ್ರದ ದೃಢೀಕೃತ ನಕಲು, ಪಹಣಿ, ವಯಸ್ಸಿನ ದಾಖಲೆ ಜೊತೆಗಿರಲಿ. ಮೊದಲು ಫೋನಿನಲ್ಲೇ ವಿಚಾರಿಸಬಯಸುವವರಿಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.