ಸೂರು ಮತ್ತು ಬಯಲು

ಹಳ್ಳಿಯ ಎತ್ತಿನ ಗಾಡಿಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಗೊಬ್ಬರ ಹೇರುವಾಗ, ಹುಲ್ಲು ತರುವಾಗ ಗಾಡಿ ಬಯಲಾಗಿಯೇ ಇರುತ್ತಿತ್ತು. ಜಾತ್ರೆಗೋ ಮದುವೆಗೋ ಮನೆಮಂದಿಯೆಲ್ಲ ಹೊರಡುವ ದಿನ ಅದರ ಮೇಲೆ ಬಿದಿರಿನ ಕಮಾನು ಏರುತ್ತಿತ್ತು. ಹೆಂಗಸರೂ ಮುದುಕರೂ ಕಮಾನಿನ ನೆರಳಿನಲ್ಲಿ ಕುಳಿತರೆ, ಹುಡುಗರು ಮಾತ್ರ ಗಾಡಿಯ ಹಿಂದುಗಡೆ ಕಾಲು ಇಳಿಬಿಟ್ಟು ಬಯಲನ್ನೇ ಆರಿಸಿಕೊಳ್ಳುತ್ತಿದ್ದರು. ಗಾಡಿ ಒಂದೇ, ಸುಖ ಎರಡು. ಮೋಟಾರಿನ ಯುಗ ಈ ಎರಡು ಸುಖಗಳನ್ನು ಎರಡು ವಾಹನಗಳಾಗಿ ಒಡೆದು, ಸೂರುಳ್ಳದ್ದನ್ನು ಕೂಪೆ ಎಂದೂ ಸೂರು ಮಡಚುವಂಥದನ್ನು ಕನ್ವರ್ಟಿಬಲ್ ಎಂದೂ ಕರೆಯಿತು. ಇಬ್ಬರಿಗೆ ಮಾತ್ರ ಆಸನವುಳ್ಳ, ವೇಗಕ್ಕಾಗಿಯೇ ಹುಟ್ಟಿದ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಹೊರಟವನು ಇವೆರಡರಲ್ಲಿ ಯಾವುದನ್ನು ಆರಿಸಬೇಕು?

ಸಾಹಿತ್ಯದ ಪುಟದಲ್ಲಿ ಈ ವಿಚಾರಕ್ಕೆ ಏನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಅಂಥ ಕಾರನ್ನು ಕೊಳ್ಳುವವರು ನಮ್ಮ ಓದುಗರಲ್ಲಿ ಎಷ್ಟು ಮಂದಿ ಇದ್ದಾರು? ನಿಜ. ಆದರೆ ಕೊಳ್ಳುವವರು ಕೆಲವರಾದರೂ ಆಯ್ಕೆ ಎಲ್ಲರದು. ರಕ್ಷಣೆ ಬೇಕೋ, ವಿಸ್ತಾರ ಬೇಕೋ ಎಂಬ ಪ್ರಶ್ನೆಯನ್ನು ಮನೆ ಕಟ್ಟುವವನೂ ಪದ್ಯ ಕಟ್ಟುವವನೂ ಒಂದಲ್ಲ ಒಂದು ದಿನ ಎದುರಿಸಲೇಬೇಕು. ಕಬ್ಬಿಣದಲ್ಲಿ ಕಂಡ ಉತ್ತರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದರಿಂದ, ಅಲ್ಲಿಂದಲೇ ಮೊದಲುಮಾಡುವುದು ಒಳ್ಳೆಯದು.

ಮೊದಲು ಹೆಸರುಗಳನ್ನು ನೋಡೋಣ. ಕೂಪೆ ಎಂಬ ಮಾತು ನಮಗೆ ರೈಲಿನಿಂದ ಪರಿಚಿತ. ಮೊದಲ ದರ್ಜೆಯಲ್ಲಿ ಇಬ್ಬರಿಗಾಗಿ ಮುಚ್ಚಿಕೊಟ್ಟ ಪುಟ್ಟ ಕೋಣೆಗೆ ಆ ಹೆಸರು. ಫ್ರೆಂಚ್ ನುಡಿಯಲ್ಲಿ ಅದರ ಮೂಲಾರ್ಥ ‘ಕತ್ತರಿಸಿದ್ದು’. ಎದುರುಬದುರಾಗಿ ಕೂಡುವ ಕುದುರೆ ಸಾರೋಟಿನ ಮುಂಭಾಗವನ್ನು ಕತ್ತರಿಸಿ ತೆಗೆದಾಗ ಉಳಿದ ಗಾಡಿಯೇ ಕೂಪೆ. ಮಡಚುವ ಸೂರಿನ ಗಾಡಿಯ ಹಳೆಯ ಹೆಸರಾದ ಕ್ಯಾಬ್ರಿಯೊಲೆ ಎಂಬುದರಲ್ಲಿ ಮೇಕೆಯ ನೆಗೆತವಿದೆ. ಹಗುರವಾದ ಆ ಎರಡು ಚಕ್ರದ ಗಾಡಿ ದಾರಿಯಲ್ಲಿ ಕುಪ್ಪಳಿಸುತ್ತಿತ್ತು. ರೋಡ್‌ಸ್ಟರ್ ಎಂದರೆ ಮೊದಲು ದಾರಿಯ ಪಯಣಕ್ಕೆ ಒದಗುವ ಕುದುರೆ. ಹೀಗೆ ಒಂದು ಹೆಸರು ಶಿಲ್ಪಿಯ ಉಳಿಯಿಂದ ಬಂದರೆ, ಉಳಿದವು ಪ್ರಾಣಿಯ ಮೈಯಿಂದ ಬಂದವು. ಈ ಭೇದ ಇಂದಿಗೂ ಅಳಿದಿಲ್ಲ.

ಸೂರು ಕೇವಲ ಮಳೆಬಿಸಿಲುಗಳ ತಡೆ ಎಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಮುಚ್ಚಳವನ್ನು ಅಂಟಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ಎರಡು ಕೈಗಳಿಂದ ತಿರುಚಿ ನೋಡಿ: ಅದು ಸುಲಭವಾಗಿ ಬಗ್ಗದು. ಮುಚ್ಚಳವನ್ನು ಕಿತ್ತು ತೆಗೆದು ತಿರುಚಿ: ಬಟ್ಟೆಯಂತೆ ಹೊರಳುತ್ತದೆ. ಕಾರಿನ ಒಡಲೂ ಹಾಗೆಯೇ. ಸೂರಿದ್ದಾಗ ನಾಲ್ಕು ಚಕ್ರಗಳಿಂದ ಬರುವ ಹೊಡೆತಗಳನ್ನು ಇಡೀ ಪೆಟ್ಟಿಗೆ ಹಂಚಿಕೊಳ್ಳುತ್ತದೆ. ಸೂರನ್ನು ತೆಗೆದ ಕೂಡಲೇ ಆ ಹೊರೆಯೆಲ್ಲ ನೆಲದ ಮೇಲೆ, ಬಾಗಿಲ ಕೆಳಗಿನ ಅಡಿಪಟ್ಟಿಗಳ ಮೇಲೆ ಬೀಳುತ್ತದೆ. ಅವುಗಳನ್ನು ಬಲಪಡಿಸದಿದ್ದರೆ ಹಳ್ಳದ ರಸ್ತೆಯಲ್ಲಿ ಕನ್ನಡಿ ನಡುಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ; ಬಲಪಡಿಸಿದರೆ ತೂಕ ಏರುತ್ತದೆ. ಆದ್ದರಿಂದ ಒಂದೇ ಮಾದರಿಯಲ್ಲಿ ಸೂರುಳ್ಳ ಕಾರಿಗಿಂತ ಸೂರಿಲ್ಲದ ಕಾರು ಅನೇಕ ವೇಳೆ ಹೆಚ್ಚು ಭಾರವಾಗಿರುತ್ತದೆ. ಇಲ್ಲದಿರುವಿಕೆಗೂ ತೂಕವುಂಟು ಎಂಬುದು ವಿಚಿತ್ರವಾಗಿ ಕಂಡರೂ ನಿಜ.

ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯ 300 ಎಸ್‌ಎಲ್ ಕಾರಿನ ಕತೆ ಇದಕ್ಕೆ ಒಳ್ಳೆಯ ನಿದರ್ಶನ. 1954ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಆ ಕೂಪೆಯ ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಕಡಲಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ಏಳುತ್ತಿದ್ದವು. ಇದನ್ನು ಬರಿಯ ಬೆಡಗೆಂದು ಎಣಿಸಿದವರೇ ಹೆಚ್ಚು. ಸಂಗತಿ ಬೇರೆ: ಸಣ್ಣ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಅದರ ಹಂದರ ಇಕ್ಕೆಲಗಳಲ್ಲಿ ಎತ್ತರವಾಗಿದ್ದುದರಿಂದ ಸಾಮಾನ್ಯವಾದ ಬಾಗಿಲಿಗೆ ಎಡೆಯೇ ಇರಲಿಲ್ಲ. ಕಟ್ಟುಪಾಡೇ ಅಲ್ಲಿ ಚೆಲುವಾಯಿತು. ಆದರೆ ಆ ಬಾಗಿಲಿನ ಗಾಜು ಕೆಳಗಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಒಳಗಿದ್ದವರು ಬೆಂದುಹೋಗುತ್ತಿದ್ದರು. ಒಳಗೆ ಇಳಿಯಲು ಚಾಲಕನು ಚಕ್ರವನ್ನು ಬಾಗಿಸಿ, ಎತ್ತರದ ಹೊಸ್ತಿಲನ್ನು ದಾಟಿ ಮೈಯನ್ನು ಒಳಕ್ಕೆ ತೂರಿಸಬೇಕಾಗಿತ್ತು. 1957ರಲ್ಲಿ ಜಿನೀವಾದಲ್ಲಿ ಅದೇ ಕಾರಿನ ಬಯಲು ರೂಪ ಹೊರಬಂತು. ತಯಾರಕರು ಕೂಪೆಯ ಸೂರನ್ನು ಗರಗಸದಿಂದ ಕೊಯ್ದು ಕೈತೊಳೆದುಕೊಳ್ಳಲಿಲ್ಲ. ಹಂದರವನ್ನೇ ಮತ್ತೆ ಚಿಂತಿಸಿ, ಪಕ್ಕಗಳನ್ನು ತಗ್ಗಿಸಿ, ಸಾಮಾನ್ಯ ಬಾಗಿಲನ್ನು ಕೂಡಿಸಿ, ಹಿಂದಿನ ಅಚ್ಚನ್ನೂ ತಿದ್ದಿದರು. ಕೂಪೆಗಳು 1,400 ತಯಾರಾದವು. ಬಯಲು ಕಾರುಗಳು 1963ರವರೆಗೆ 1,858. ಇಂದು ಲೋಕ ನೆನೆಯುವುದು ರೆಕ್ಕೆಯ ಬಾಗಿಲನ್ನು. ಓಡಿಸಲು ಸುಲಭವೆನಿಸಿದ್ದು ರೆಕ್ಕೆಯಿಲ್ಲದ್ದು.

ಇಂಗ್ಲೆಂಡಿನ ಲೋಟಸ್ ಸಂಸ್ಥೆ ಇದೇ ಪಾಠವನ್ನು ಇನ್ನೂ ಸರಳವಾಗಿ ಹೇಳಿತು. 1957ರಲ್ಲಿ ಅದು ತೋರಿಸಿದ ಎಲೀಟ್ ಎಂಬ ಕೂಪೆಯ ಒಡಲೆಲ್ಲ ಗಾಜಿನ ನಾರಿನದು. ಮೊಟ್ಟೆಯ ಚಿಪ್ಪಿನಂತೆ ಅದರ ಬಲವೆಲ್ಲ ಮುಚ್ಚಿದ ಆಕಾರದಲ್ಲಿಯೇ ಇತ್ತು. ಸೂರನ್ನು ತೆಗೆದರೆ ಚಿಪ್ಪು ಒಡೆದಂತೆ. ಆದ್ದರಿಂದ 1962ರಲ್ಲಿ ಎಲಾನ್ ಎಂಬ ಬಯಲು ಕಾರನ್ನು ರೂಪಿಸುವಾಗ, ನಟ್ಟನಡುವೆ ಉಕ್ಕಿನ ಬೆನ್ನೆಲುಬೊಂದನ್ನು ಇಟ್ಟು, ಹೊರಮೈಯನ್ನು ಅದರ ಮೇಲೆ ಹೊದಿಸಿದರು. ಚಿಪ್ಪನ್ನು ಬಿಟ್ಟವನಿಗೆ ಬೆನ್ನೆಲುಬು ಬೇಕು. ಈ ಮಾತನ್ನು ನಾವು ಮುಂದೆ ಮತ್ತೆ ನೆನೆಯಬೇಕಾದೀತು.

ಇನ್ನು ಎರಡೂ ರೂಪಗಳು ಒಟ್ಟಿಗೆ ಕೊಳ್ಳುವವನ ಮುಂದೆ ಬಂದು ನಿಂತ ಪ್ರಸಂಗ. 1961ರ ಮಾರ್ಚಿನಲ್ಲಿ ಜಾಗ್ವಾರ್ ಸಂಸ್ಥೆ ತನ್ನ ಇ-ಟೈಪ್ ಕಾರನ್ನು ಜಿನೀವಾದಲ್ಲಿ ಹೊರತಂದಾಗ ಕೂಪೆಯನ್ನು ನೋಡಲು, ಅದರಲ್ಲಿ ಕೂಡಲು ಜನ ಮುಗಿಬಿದ್ದರು. ಒಂದು ಕಾರು ಸಾಲದೆ, ಬಯಲು ಕಾರೊಂದನ್ನು ತರಿಸಬೇಕಾಯಿತು. ನಾರ್ಮನ್ ಡ್ಯೂಯಿಸ್ ಎಂಬ ಪರೀಕ್ಷಾ ಚಾಲಕ ಅದನ್ನು ಕವೆಂಟ್ರಿಯಿಂದ ರಾತ್ರಿಯೆಲ್ಲ ಓಡಿಸಿಕೊಂಡು ಬಂದ. ಎರಡಕ್ಕೂ ಎಂಜಿನ್ ಒಂದೇ, 3.8 ಲೀಟರಿನದು. ತೆರಿಗೆ ಸೇರಿ ಬಯಲು ಕಾರಿಗೆ ಸುಮಾರು 2,100 ಪೌಂಡು, ಕೂಪೆಗೆ ಸುಮಾರು 2,200. ಅಂದಿನ ಮೋಟಾರು ಪತ್ರಿಕೆಗಳು ಪರೀಕ್ಷಿಸಿದಾಗ ಕೂಪೆ ಗಂಟೆಗೆ 150 ಮೈಲಿಯನ್ನು ಮುಟ್ಟಿತು. ಬಯಲು ಕಾರು 149ನ್ನು. ಹಾಗಾದರೆ ವೇಗದ ಲೆಕ್ಕದಲ್ಲಿ ಆರಿಸುವುದಕ್ಕೆ ಏನೂ ಇರಲಿಲ್ಲ. ಆಯ್ಕೆ ಬೇರೊಂದು ನೆಲೆಗೆ ಸರಿಯಿತು.

ಆ ನೆಲೆ ಯಾವುದು? ಕೂಪೆಯ ಬೆನ್ನಿನ ಮೇಲೆ ಗಾಜಿನ ಅಂಚಿನಿಂದ ಬಾಲದವರೆಗೆ ಇಳಿಯುವ ಗೆರೆಯೊಂದಿದೆ. ವಿಮಾನಗಳ ವಿದ್ಯೆಯನ್ನು ಕಲಿತು ಬಂದಿದ್ದ ಮ್ಯಾಲ್ಕಮ್ ಸೇಯರ್ ಆ ಆಕಾರವನ್ನು ಗಣಿತದ ಬಲದಿಂದ ತೀಡಿದ. ಅದು ಮುಗಿದ ವಾಕ್ಯದಂತಿದೆ, ಎಲ್ಲಿಯೂ ತುಂಡಾಗಿಲ್ಲ. ಆದರೆ ಅದನ್ನು ಕಾಣುವವನು ಯಾರು? ಹಾದಿಯ ಬದಿಯಲ್ಲಿ ನಿಂತವನು. ಒಳಗೆ ಕುಳಿತವನಿಗೆ ಕಾಣುವುದು ಎದುರಿನ ಉದ್ದನೆಯ ಮೂತಿ ಮಾತ್ರ. ಬಯಲು ಕಾರಿನಲ್ಲಿ ಇದು ತಿರುಗುಮುರುಗು. ಸೂರನ್ನು ಮಡಚಿದಾಗ ಆ ಗೆರೆ ಅಲ್ಲಿಯೇ ಕಡಿದುಹೋಗುತ್ತದೆ, ಹೊರಗಿನವನಿಗೆ ಅಷ್ಟು ನಷ್ಟ. ಒಳಗಿನವನಿಗೆ ಮಾತ್ರ ಹುಲ್ಲಿನ ವಾಸನೆ, ಮರಗಳ ನೆರಳು ಮುಖದ ಮೇಲೆ ಹಾಯುವ ತಂಪು, ಎಂಜಿನ್ನಿನ ದನಿ ಗೋಡೆಗೆ ತಾಗಿ ಮರಳುವ ಪರಿ, ಎಲ್ಲವೂ ದೊರೆಯುತ್ತವೆ. ಕೂಪೆ ನೋಡುವವನ ಕಾರು. ಬಯಲು ಕಾರು ಕೂಡುವವನದು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇ-ಟೈಪ್ ಕಾರೊಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ, ಪಡೆದದ್ದು ಬಯಲು ಕಾರನ್ನೇ. ಗಾಳಿ ಬೀಸದ ಕೋಣೆಯಲ್ಲಿ ಗಾಳಿಗಾಗಿ ಹುಟ್ಟಿದ ಕಾರು!

ಬಯಲಿನ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಅಪಾಯವನ್ನು ಮರೆಮಾಚುವುದು ನ್ಯಾಯವಲ್ಲ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದಾಗ ಆಕೆಯ ಉದ್ದನೆಯ ಶಾಲು ಚಕ್ರಕ್ಕೆ ಸಿಕ್ಕಿ ಆಕೆ ಮಡಿದಳು. ಕಾರು ಮಗುಚಿದರೆ ಸೂರಿಲ್ಲದವರ ಗತಿಯೇನೆಂಬ ಚಿಂತೆ ಮುಂದೆ ಅಮೆರಿಕದಲ್ಲಿ ಬಲವಾಯಿತು. 1970ರ ದಶಕದಲ್ಲಿ ಅಲ್ಲಿಯ ಸರಕಾರ ಬಯಲು ಕಾರುಗಳನ್ನು ನಿಷೇಧಿಸಿಯೇಬಿಡುತ್ತದೆಂಬ ಸುದ್ದಿ ಹಬ್ಬಿತು. ಆ ಅಂಜಿಕೆಯಿಂದ ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆ ತನ್ನ ಟಿಆರ್7 ಕಾರನ್ನು 1975ರಲ್ಲಿ ಕೂಪೆಯಾಗಿ ಮಾತ್ರ ಹೊರತಂದಿತು. ನಿಷೇಧ ಬರಲೇ ಇಲ್ಲ. 1979ರಲ್ಲಿ ಬಯಲು ರೂಪ ಬಂದಾಗ, ಆ ಕಾರು ಮೊದಲೇ ಹೀಗಿರಬೇಕಾಗಿತ್ತು ಎಂದು ಅನೇಕರಿಗೆ ತೋರಿತು. ಅಂಜಿಕೆ ಹೇಳಿಕೊಟ್ಟ ಆಕಾರದಲ್ಲಿ ಚೆಲುವು ನೆಲಸುವುದು ಕಷ್ಟ. ಅಪಾಯಕ್ಕೆ ಸರಿಯಾದ ಉತ್ತರ ಬೇರೆಡೆ ದೊರೆಯಿತು: 1989ರ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಆಸನಗಳ ಹಿಂದೆ ಮಲಗಿರುವ ಉಕ್ಕಿನ ಕಮಾನೊಂದು, ಕಾರು ಮಗುಚುವ ಸೂಚನೆ ತೋರಿದೊಡನೆ ಸೆಕೆಂಡಿನ ಒಂದಂಶದಲ್ಲಿ ಸೆಟೆದು ನಿಲ್ಲುತ್ತಿತ್ತು. ಬೇಡದಾಗ ಕಾಣದ, ಬೇಕಾದಾಗ ಏಳುವ ಕಮಾನು; ನಮ್ಮ ಗಾಡಿಯವರು ಮೆಚ್ಚುತ್ತಿದ್ದರು.

ಎರಡೂ ಬೇಕೆನ್ನುವವರಿಗೆ ಮೂರನೆಯ ದಾರಿಯೂ ಇಲ್ಲದಿಲ್ಲ. ಗುಂಡಿ ಒತ್ತಿದರೆ ಲೋಹದ ಗಟ್ಟಿ ಸೂರೇ ಮಡಚಿ ಹಿಂದಿನ ಸಂದೂಕದೊಳಗೆ ಇಳಿಯುವ ಕಾರುಗಳುಂಟು. 1930ರ ದಶಕದಲ್ಲಿಯೇ ಫ್ರಾನ್ಸಿನ ಪ್ಯೂಜೋ ಸಂಸ್ಥೆ ಜಾರ್ಜ್ ಪೋಲ್ಯಾಂ ಎಂಬ ದಂತವೈದ್ಯನ ಕಲ್ಪನೆಯಂತೆ ಅಂಥದನ್ನು ತಯಾರಿಸಿತ್ತು. 1996ರ ಮರ್ಸಿಡಿಸ್ ಎಸ್‌ಎಲ್‌ಕೆ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಜಾಣತನವೇನೋ ಹೌದು. ಆದರೆ ಸೂರು ಇಳಿದಾಗ ಸಂದೂಕದಲ್ಲಿ ಪೆಟ್ಟಿಗೆಗೆ ಎಡೆ ಉಳಿಯದು. ಯಂತ್ರದ ಭಾರ ಬಿಸಿಲಿನಲ್ಲಿಯೂ ಮಳೆಯಲ್ಲಿಯೂ ಜೊತೆಗಿರುತ್ತದೆ. ಆರಿಸದೆ ಉಳಿದುದಕ್ಕೂ ಬೆಲೆ ತೆರಬೇಕಾಗುತ್ತದೆ.

ಹಾಗಾದರೆ ನಮ್ಮ ತೀರ್ಪೇನು? ದಿನದಿನವೂ ದೂರ ಹೋಗುವವನು, ಬಿಸಿಲೂ ಧೂಳೂ ಹೆಚ್ಚಿರುವ ನಮ್ಮಂಥ ನಾಡಿನವನು, ರಸ್ತೆಯ ಹಿಡಿತದ ಖಚಿತತೆಯನ್ನೇ ಬಯಸುವವನು ಕೂಪೆಯನ್ನು ಕೊಳ್ಳಲಿ. ಅದರಲ್ಲಿ ಅಳುಕಬೇಕಾದುದೇನೂ ಇಲ್ಲ. ಬಯಲನ್ನು ಬಯಸುವವನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲಿ: ಈ ಕಾರು ಬಯಲಿಗಾಗಿಯೇ ಚಿಂತಿಸಿ ಕಟ್ಟಿದ್ದೋ, ಅಥವಾ ಮುಚ್ಚಿದ ಕಾರಿನ ತಲೆಯನ್ನು ಕೊಯ್ದು ಮಾಡಿದ್ದೋ? ಮೊದಲನೆಯದಾದರೆ ಧಾರಾಳವಾಗಿ ಕೊಳ್ಳಲಿ. ಎರಡನೆಯದಾದರೆ ಕೂಪೆಯೇ ಮೇಲು. ಇನ್ನೊಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ: ನಾನು ಬಯಲನ್ನು ಅರಸುವುದು ಗಾಳಿಗಾಗಿಯೋ, ನಾಲ್ಕು ಜನ ನೋಡಲೆಂದೋ? ನೋಡಲೆಂದಾದರೆ ಕೂಪೆಯ ಗೆರೆಯೇ ಹೆಚ್ಚು ಸೊಗಸು.

ಇದು ಕಾರಿನ ಮಾತು ಮಾತ್ರವೆಂದು ನಮ್ಮ ತರುಣ ಲೇಖಕರು ತಿಳಿಯಬೇಕಾಗಿಲ್ಲ. 1911ರಲ್ಲಿ ಗೋವಿಂದ ಪೈಗಳು ಪ್ರಾಸವನ್ನು ಕೈಬಿಟ್ಟಾಗ, ಪ್ರಾಸ ಹೊರುತ್ತಿದ್ದ ಭಾರವನ್ನು ಲಯವೂ ಅರ್ಥವೂ ಹೊರಬೇಕಾಯಿತು. ಹೊತ್ತದ್ದರಿಂದಲೇ ಹೊಸ ಪದ್ಯ ನಿಂತಿತು. ಮುಂದೆ ನಿಯತವಾದ ಪಾದಗಳನ್ನೂ ಬಿಟ್ಟು ಹೊರಟವರಲ್ಲಿ ಒಳಗಿನ ಬೆನ್ನೆಲುಬಿದ್ದವರು ಉಳಿದರು, ಉಳಿದವರ ಸಾಲುಗಳು ಮೊದಲ ಹಳ್ಳದಲ್ಲಿಯೇ ಕಿರುಗುಟ್ಟಿದವು. ಸೂರಿನ ಕೆಳಗೆ ಇರುವುದು ಹೇಡಿತನವಲ್ಲ. ಸೂರನ್ನು ತೆಗೆಯುವುದು ತಾನಾಗಿಯೇ ಸಾಹಸವೂ ಅಲ್ಲ. ತೆಗೆದ ಮೇಲೆ ಆ ಹೊರೆಯನ್ನು ಯಾವುದು ಹೊರುತ್ತದೆ ಎಂದು ಮೊದಲೇ ಯೋಚಿಸಿದವನಿಗೆ ಮಾತ್ರ ಬಯಲು ಒಲಿಯುತ್ತದೆ.