ಮನೆಯ ಅಂತರ್ಜಾಲ, ವ್ಯಾಪಾರದ ದೂರವಾಣಿ

ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಯಂತ್ರಗಳು, ಮನೆಯ ಮುಂದಿನ ಕೋಣೆಯಲ್ಲಿ ಕಚೇರಿ: ನಮ್ಮ ನಾಡಿನ ಅನೇಕ ಸಣ್ಣ ಉದ್ದಿಮೆಗಳು ನಡೆಯುವ ಬಗೆ ಇದೇ. ಇಂಥ ಕಚೇರಿಗಳಲ್ಲಿ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯ ಸ್ಥಾನವನ್ನು ಸಣ್ಣ ಗಣಕಯಂತ್ರವೊಂದು ಆಕ್ರಮಿಸತೊಡಗಿದೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದನ್ನು ಒಂದು ಹಳೆಯ ಗಣಕಯಂತ್ರದಲ್ಲಿ ಅಳವಡಿಸಿ, ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಯಿಂದ ಒಂದು ಸಂಖ್ಯೆ ಪಡೆದರೆ, ಕಚೇರಿ, ಶೆಡ್ಡು, ಮಾರಾಟ ಪ್ರತಿನಿಧಿಯ ಮೊಬೈಲು ಎಲ್ಲವೂ ಒಂದೇ ವಿನಿಮಯ ಕೇಂದ್ರಕ್ಕೆ ಸೇರುತ್ತವೆ. ಈ ಮಿತವ್ಯಯವನ್ನು ಆಕ್ಷೇಪಿಸುವಂತಿಲ್ಲ. ಆಕ್ಷೇಪಿಸಬೇಕಾದದ್ದು, ವ್ಯಾಪಾರದ ಮುಖ್ಯ ದೂರವಾಣಿಯನ್ನು ಮನೆಬಳಕೆಯ ಬ್ರಾಡ್‌ಬ್ಯಾಂಡಿನ ಮೇಲೆ ಯೋಚಿಸದೆ ಕೂರಿಸುವುದನ್ನು.

ಮನೆಬಳಕೆಯ ಸಂಪರ್ಕಕ್ಕೆ ಸಾಮಾನ್ಯವಾಗಿ ಸ್ಥಿರವಾದ ಐಪಿ ವಿಳಾಸ ಇರುವುದಿಲ್ಲ. ವಿದ್ಯುತ್ ಹೋಗಿ ಬಂದಾಗ, ಮೋಡೆಮ್ ಮತ್ತೆ ಚಾಲೂ ಆದಾಗ ಹೊಸ ವಿಳಾಸ ದೊರೆಯಬಹುದು. ವಾರ್ತೆ ಓದುವವರಿಗೆ, ಬ್ಯಾಂಕಿನ ಖಾತೆ ನೋಡುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ದೂರವಾಣಿಯ ಸಂಗತಿ ಬೇರೆ. ಅಂತರ್ಜಾಲದ ಕರೆ ಏರ್ಪಡುವಾಗ ಎರಡೂ ಕಡೆಯ ಯಂತ್ರಗಳು 'ನನ್ನ ಧ್ವನಿಯನ್ನು ಈ ವಿಳಾಸಕ್ಕೆ ಕಳುಹಿಸಿ' ಎಂದು ಸಂದೇಶದೊಳಗೇ ಬರೆದು ತಿಳಿಸುತ್ತವೆ. ಸರ್ವರ್ ತನ್ನ ಹಳೆಯ ವಿಳಾಸವನ್ನೋ, ಮನೆಯೊಳಗಷ್ಟೇ ಸಲ್ಲುವ 192.168 ಎಂದು ಆರಂಭವಾಗುವ ವಿಳಾಸವನ್ನೋ ಬರೆದರೆ ಧ್ವನಿ ದಾರಿ ತಪ್ಪುತ್ತದೆ. ಅಂಗಡಿ ಸ್ಥಳಾಂತರಿಸಿದ ಮೇಲೂ ಹಳೆಯ ಲೆಟರ್‌ಹೆಡ್ಡಿನಲ್ಲೇ ಪತ್ರ ಬರೆದವನಿಗೆ ಚೆಕ್ಕು ತಲುಪದಿರುವಂತೆ. ಗಂಟೆ ಬಾರಿಸುತ್ತದೆ, ಕರೆ ಸ್ವೀಕಾರವಾಗುತ್ತದೆ, ಒಬ್ಬರ ಮಾತು ಕೇಳುತ್ತದೆ, ಇನ್ನೊಬ್ಬರದು ಕೇಳುವುದಿಲ್ಲ. ಎರಡು ಬಾರಿ 'ಹಲೋ' ಎಂದ ಗ್ರಾಹಕ ಮೂರನೆಯ ಬಾರಿ ಬೇರೆ ಅಂಗಡಿಗೆ ಕರೆ ಮಾಡುತ್ತಾನೆ.

ಇದಕ್ಕಿಂತ ಕೆಟ್ಟದ್ದು ಗಂಟೆಯೇ ಬಾರಿಸದ ಕರೆ. ಸರ್ವರ್ ಆಗಾಗ್ಗೆ ದೂರಸಂಪರ್ಕ ಸಂಸ್ಥೆಯಲ್ಲಿ ತನ್ನ ವಿಳಾಸವನ್ನು ನೋಂದಾಯಿಸುತ್ತದೆ. ಒಳಬರುವ ಕರೆಗಳನ್ನು ಸಂಸ್ಥೆ ಆ ವಿಳಾಸಕ್ಕೆ ಕಳುಹಿಸುತ್ತದೆ. ಆಸ್ಟರಿಸ್ಕಿನ ಈಗಿನ ಆವೃತ್ತಿಗಳಲ್ಲಿ, ಬೇರೆ ಸೂಚನೆ ಕೊಡದಿದ್ದರೆ, ಸರ್ವರ್ ಕೇಳುವ ನೋಂದಣಿಯ ಅವಧಿ 3600 ಸೆಕೆಂಡು, ಅಂದರೆ ಒಂದು ಗಂಟೆ. ನೋಂದಣಿಯಾದ ಐದನೆಯ ನಿಮಿಷದಲ್ಲಿ ವಿಳಾಸ ಬದಲಾದರೆ, ಮುಂದಿನ ಐವತ್ತು ನಿಮಿಷ ಬರುವ ಕರೆಗಳೆಲ್ಲ ಹಳೆಯ ವಿಳಾಸದ ಬಾಗಿಲು ತಟ್ಟಬಹುದು. ಆ ಬಾಗಿಲು ಅಷ್ಟರಲ್ಲಿ ಬೇರೊಬ್ಬ ಗ್ರಾಹಕನದಾಗಿದ್ದರೂ ಆಶ್ಚರ್ಯವಿಲ್ಲ. ವಿಚಿತ್ರವೆಂದರೆ, ಸರ್ವರಿಗೆ ಮಾತ್ರ ಯುಪಿಎಸ್ ಹಾಕಿಸಿ ಮೋಡೆಮನ್ನು ಮರೆತವರಿಗೇ ಈ ತೊಂದರೆ ಹೆಚ್ಚು. ಎರಡೂ ಒಟ್ಟಿಗೆ ನಿಂತು ಒಟ್ಟಿಗೆ ಎದ್ದರೆ ಸರ್ವರ್ ಎದ್ದ ಕೂಡಲೇ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ. ಸರ್ವರ್ ನಿಲ್ಲದೇ ಉಳಿದರೆ ಹೊರಗೆ ವಿಳಾಸ ಬದಲಾದದ್ದು ಅದರ ಅರಿವಿಗೇ ಬರುವುದಿಲ್ಲ.

ವ್ಯಾಪಾರಿಯ ದೃಷ್ಟಿಯಿಂದ ಈ ನಷ್ಟದ ಲಕ್ಷಣವೇ ಬೇರೆ. ಮುರಿದ ಯಂತ್ರಕ್ಕೆ ರಿಪೇರಿಯ ಬಿಲ್ಲು ಇರುತ್ತದೆ, ಬಾರದ ಹಣಕ್ಕೆ ವಸೂಲಾಗದ ಸಾಲದ ಖಾತೆ ಇರುತ್ತದೆ. ತಲುಪದ ಕರೆಗೆ ಯಾವ ಪುಸ್ತಕದಲ್ಲೂ ನಮೂದಿಲ್ಲ. ತಿಂಗಳ ಕೊನೆಯಲ್ಲಿ ಉಳಿತಾಯವಾದ ದೂರವಾಣಿ ವೆಚ್ಚ ಮಾತ್ರ ಎದ್ದು ಕಾಣುತ್ತದೆ.

ಪರಿಹಾರಗಳು ಇಲ್ಲವೆಂದಲ್ಲ. ಬದಲಾಗುವ ವಿಳಾಸಕ್ಕೆ ಬದಲಾಗದ ಹೆಸರೊಂದನ್ನು ಕೊಡುವ ಡೈನಮಿಕ್ ಡಿಎನ್‌ಎಸ್ ಸೇವೆಗಳಿವೆ. ರೂಟರ್ ಹೊಸ ವಿಳಾಸವನ್ನು ಆ ಸೇವೆಗೆ ವರದಿ ಮಾಡುತ್ತದೆ, ಪ್ರತಿನಿಧಿಯ ಮೊಬೈಲು ಹೆಸರನ್ನು ಹುಡುಕಿ ಬರುತ್ತದೆ. ನೋಂದಣಿಯ ಅವಧಿಯನ್ನು, ಸಂಸ್ಥೆ ಒಪ್ಪುವಷ್ಟು ಮಟ್ಟಿಗೆ, ಕೆಲವೇ ನಿಮಿಷಗಳಿಗೆ ಇಳಿಸಬಹುದು. ಆದರೆ ಹೊರಗಿನವರಿಗೆ ಹೆಸರು ತಿಳಿದರೆ ಸಾಲದು; ಸರ್ವರಿಗೂ ತನ್ನ ಹೊಸ ವಿಳಾಸ ತಿಳಿಯಬೇಕು. ಇದಕ್ಕೆ ಹಳೆಯ ಆಸ್ಟರಿಸ್ಕಿನಲ್ಲಿದ್ದ ವ್ಯವಸ್ಥೆ, ಅದರ ಹಳೆಯ ಚಾನ್-ಸಿಪ್ ಭಾಗದೊಡನೆ, 2023ರ 21ನೆಯ ಆವೃತ್ತಿಯಲ್ಲಿ ಕೈಬಿಟ್ಟುಹೋಯಿತು. ಹೊಸ ಭಾಗದಲ್ಲಿ ಅದನ್ನು ಬೇರೆ ರೀತಿ ಹೊಂದಿಸಬೇಕಾಗುತ್ತದೆ. ಹಳೆಯ ಕಡತವನ್ನೇ ನಕಲು ಮಾಡಿ ಹೊಸ ಯಂತ್ರಕ್ಕೆ ಹಾಕುವ ತಂತ್ರಜ್ಞರ ಬಗ್ಗೆ ಎಚ್ಚರಿಕೆ ಅಗತ್ಯ.

ಈ ಪರಿಹಾರವೂ ಎಲ್ಲರಿಗೆ ದಕ್ಕುವುದಿಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ; ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಆದ್ದರಿಂದ ಅನೇಕ ಸಂಸ್ಥೆಗಳು ಒಂದೇ ಹೊರವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುತ್ತವೆ, ವಠಾರದ ಒಂದೇ ಅಂಚೆಪೆಟ್ಟಿಗೆಯಂತೆ. ರೂಟರಿನಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರ ನಡುವೆ ಇದ್ದರೆ, ಅಥವಾ ಹೊರಜಗತ್ತಿಗೆ ಕಾಣುವ ವಿಳಾಸಕ್ಕಿಂತ ಅದು ಬೇರೆಯಾಗಿದ್ದರೆ, ಡೈನಮಿಕ್ ಹೆಸರು ಹೊರಗಿನವರನ್ನು ಸರ್ವರಿನವರೆಗೆ ತರಲಾರದು.

ವಿಳಾಸ ಬದಲಾಗುತ್ತಿರುವುದರಿಂದ ಕಳ್ಳರಿಗೆ ಸಿಗುವುದಿಲ್ಲ ಎಂಬ ಸಮಾಧಾನ ಕೆಲವರಲ್ಲಿದೆ. ಅದು ಭ್ರಮೆ. ಕಳ್ಳ ತಂತ್ರಾಂಶಗಳು ಒಬ್ಬ ವ್ಯಾಪಾರಿಯನ್ನು ಹುಡುಕುವುದಿಲ್ಲ. ಎಲ್ಲ ವಿಳಾಸಗಳ 5060ನೆಯ ಬಾಗಿಲನ್ನೂ ಸಾಲಾಗಿ ತಟ್ಟುತ್ತವೆ. 101 ಎಂಬ ಎಕ್ಸ್‌ಟೆನ್ಷನ್ನಿಗೆ 101 ಎಂಬುದೇ ಗುಪ್ತಪದವಾಗಿದ್ದರೆ, ಶನಿವಾರ ರಾತ್ರಿ ಆರಂಭವಾದ ದುಬಾರಿ ವಿದೇಶಿ ಕರೆಗಳು ಸೋಮವಾರ ಬೆಳಗ್ಗೆಯವರೆಗೂ ಸಾಗಬಹುದು. ಬಿಲ್ಲು ಬರುವುದು ಸಂಪರ್ಕದ ಮಾಲೀಕನಿಗೆ. ವಿದೇಶಿ ಕರೆ ಬೇಡದವರು ಸಂಸ್ಥೆಯ ಮಟ್ಟದಲ್ಲೇ ಅದನ್ನು ನಿಲ್ಲಿಸಿಸಬೇಕು. ಹೊರಗಿನ ನೌಕರರನ್ನು ವಿಪಿಎನ್ ಮೂಲಕವೇ ಒಳಗೆ ಬಿಡಬೇಕು. ಸರ್ವರ್ ಇದೆಯೆಂದು ಪರರ ಕರೆಗಳನ್ನು ಹಣಕ್ಕೆ ಸಾಗಿಸುವ ಯೋಚನೆಯಂತೂ ಸಲ್ಲದು. ಪರವಾನಗಿಯಿಲ್ಲದ ದೂರಸಂಪರ್ಕ ಸೇವೆ 1885ರ ತಂತಿ ಕಾಯಿದೆಯಡಿ ಅಪರಾಧವಾಗಿತ್ತು, 2023ರ ದೂರಸಂಪರ್ಕ ಕಾಯಿದೆಯಡಿಯೂ ಅಪರಾಧವೇ.

ಹಾಗಾದರೆ ಸಣ್ಣ ಉದ್ಯಮಿ ಏನು ಮಾಡಬೇಕು? ಮನೆ, ಶೆಡ್ಡು, ಗೋದಾಮುಗಳ ನಡುವಿನ ಮಾತಿಗೆ ಮನೆಯ ಸರ್ವರ್ ಧಾರಾಳವಾಗಿ ಸಾಕು. ಗ್ರಾಹಕರು ಆರ್ಡರ್ ಕೊಡುವ ಸಂಖ್ಯೆಗೆ ಮಾತ್ರ ಸ್ಥಿರ ವಿಳಾಸವನ್ನು ಬಾಡಿಗೆಗೆ ಪಡೆಯುವುದು, ಇಲ್ಲವೇ ಸರ್ವರನ್ನೇ ಬಾಡಿಗೆಯ ಡೇಟಾ ಸೆಂಟರಿಗೆ ಸಾಗಿಸುವುದು ಉಚಿತ. ಈ ಬಾಡಿಗೆ ಆಯಾ ವರ್ಷದ ವ್ಯಾಪಾರದ ಖರ್ಚಾಗಿ ಕಳೆಯಲು ಬರುತ್ತದೆ, ಅದರ ಮೇಲಿನ ಶೇಕಡಾ 18ರ ಜಿಎಸ್‌ಟಿಗೆ ನೋಂದಾಯಿತ ವ್ಯಾಪಾರಿ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಇಲ್ಲೊಂದು ಸಾಮಾನ್ಯ ಎಡವಟ್ಟು: ಮನೆಯ ಸಂಪರ್ಕ ತಂದೆಯವರ ಹೆಸರಿನಲ್ಲೋ ಪತ್ನಿಯ ಹೆಸರಿನಲ್ಲೋ ಇರುತ್ತದೆ, ಬಿಲ್ಲಿನ ಮೇಲೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರುವುದಿಲ್ಲ. ಅಂಥ ಬಿಲ್ಲಿನ ಮೇಲೆ ಜಮೆ ದೊರೆಯದು. ವ್ಯಾಪಾರದ ಸಂಪರ್ಕವನ್ನು ವ್ಯಾಪಾರದ ಹೆಸರಿಗೆ ಪಡೆಯುವ ಸಂದರ್ಭದಲ್ಲೇ ಸ್ಥಿರ ವಿಳಾಸದ ದರವನ್ನೂ ವಿಚಾರಿಸಬಹುದು.

ಈಗಾಗಲೇ ಸರ್ವರ್ ಇಟ್ಟುಕೊಂಡವರು ಒಂದು ಭಾನುವಾರ ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಸರ್ವರನ್ನು ಮುಟ್ಟದೆ ಮೋಡೆಮಿನ ಸ್ವಿಚ್ಚು ಮಾತ್ರ ಆರಿಸಿ ಮತ್ತೆ ಹಾಕುವುದು. ವಿಳಾಸ ಬದಲಾಗಿರುವುದನ್ನು ಖಚಿತಪಡಿಸಿಕೊಂಡು, ಹೊರಗಿನ ಮೊಬೈಲಿನಿಂದ ಕಚೇರಿಯ ಸಂಖ್ಯೆಗೆ ಐದು ನಿಮಿಷಕ್ಕೊಮ್ಮೆ ಕರೆ ಮಾಡುತ್ತ, ಮೊದಲ ಗಂಟೆ ಬಾರಿಸಿ ಎರಡೂ ಕಡೆ ಮಾತು ಕೇಳುವವರೆಗೆ ಎಷ್ಟು ಹೊತ್ತಾಯಿತೆಂದು ಬರೆದಿಡುವುದು.